ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಡೀಸೆಲ್ ವಾಹನದಲ್ಲಿ ಕೈಪಂಪಿನ ಸೋರಿಕೆ

ಬೆಳಗಿನ ಜಾವ ಐದು ಗಂಟೆಗೆ ಮಾರುಕಟ್ಟೆಗೆ ಹೊರಡಬೇಕಾದ ವರ್ತಕರಿಗೆ ವಾಹನವು ಒಂದೇ ಸಲಕ್ಕೆ ಚಾಲೂ ಆಗುವುದು ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಸರಕು ತಲುಪುವುದು ಅರ್ಧ ಗಂಟೆ ತಡವಾದರೆ ಆ ದಿನದ ದರವೇ ಬದಲಾಗಿರುತ್ತದೆ, ಗಿರಾಕಿಯು ಬೇರೆ ಅಂಗಡಿಯ ಮೆಟ್ಟಿಲು ಹತ್ತಿರುತ್ತಾನೆ. ಇಂತಹ ಹೊತ್ತಿನಲ್ಲಿ ಹಳೆಯ ಡೀಸೆಲ್ ವಾಹನವೊಂದು ಹತ್ತು ಹದಿನೈದು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮುತ್ತ ಚಾಲೂ ಆಗಿ, ಮರುಕ್ಷಣವೇ ನಿಂತುಹೋಗುವ ತೊಂದರೆ ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದೇ ಆಗಿದೆ.

ವಾಹನವನ್ನು ಗ್ಯಾರೇಜಿಗೆ ಒಯ್ದಾಗ ಸಾಮಾನ್ಯವಾಗಿ ಮೊದಲು ಬ್ಯಾಟರಿ ಬದಲಾಗುತ್ತದೆ. ಅನಂತರ ಹೀಟರ್ ಪ್ಲಗ್‌ಗಳು ಬದಲಾಗುತ್ತವೆ. ಅಷ್ಟಕ್ಕೂ ಗುಣ ಕಾಣದಿದ್ದರೆ “ಇಂಜೆಕ್ಷನ್ ಪಂಪ್ ಬಿಚ್ಚಲೇಬೇಕು” ಎಂಬ ತೀರ್ಪು ಹೊರಬೀಳುತ್ತದೆ. ಪಂಪ್ ಬಿಚ್ಚಿ, ಪರೀಕ್ಷಾ ಯಂತ್ರದ ಮೇಲೇರಿಸಿ, ದೊಡ್ಡ ಮೊತ್ತದ ಬಿಲ್ಲು ತೆತ್ತು ಮನೆಗೆ ತಂದ ವಾಹನವು ಮೂರನೆಯ ದಿನ ಬೆಳಿಗ್ಗೆ ಮತ್ತೆ ಅದೇ ರಾಗ ಹಾಡುತ್ತದೆ. ಕೊನೆಗೆ ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಕುಳಿತಿರುವ, ಹೆಬ್ಬೆರಳಿನಿಂದ ಒತ್ತುವ ಸಣ್ಣ ಕೈಪಂಪಿನ ಹರಿದ ರಬ್ಬರೇ ಇಷ್ಟಕ್ಕೆಲ್ಲ ಕಾರಣವಾಗಿತ್ತೆಂದು ತಿಳಿದುಬರುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈ ಸಣ್ಣ ಬಿಡಿಭಾಗದ ಕೆಲಸ, ಅದು ಕೆಡುವ ಬಗೆ, ಹಣ ತೆರುವ ಮುನ್ನ ಮಾಡಬೇಕಾದ ಪರೀಕ್ಷೆಗಳು ಮತ್ತು ಬದಲಾಯಿಸುವ ಕ್ರಮವನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕೈಪಂಪಿನ ಕೆಲಸವೇನು?

ಪೆಟ್ರೋಲ್ ಎಂಜಿನ್ನಿಗೂ ಡೀಸೆಲ್ ಎಂಜಿನ್ನಿಗೂ ಇರುವ ಒಂದು ಮೂಲಭೂತ ವ್ಯತ್ಯಾಸವೆಂದರೆ, ಡೀಸೆಲ್ ಎಂಜಿನ್ನು ತನ್ನ ಇಂಧನದ ದಾರಿಯಲ್ಲಿ ಗಾಳಿಯನ್ನು ಸಹಿಸುವುದಿಲ್ಲ. ದ್ರವವನ್ನು ಒತ್ತಿದರೆ ಒತ್ತಡ ಏರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಆದುದರಿಂದ ಫಿಲ್ಟರ್ ಬದಲಾಯಿಸಿದಾಗ ಅಥವಾ ಟ್ಯಾಂಕ್ ಪೂರ್ಣವಾಗಿ ಬರಿದಾದಾಗ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರದೂಡಿ ಡೀಸೆಲ್ ತುಂಬಿಸಲು ತಯಾರಕರು ಒಂದು ಸಣ್ಣ ಪಂಪನ್ನು ಜೋಡಿಸಿರುತ್ತಾರೆ. ಇದೇ ಹ್ಯಾಂಡ್ ಪ್ರೈಮರ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ‘ಏರ್ ತೆಗೆಯುವ ಪಂಪ್’.

ವಾಹನದಿಂದ ವಾಹನಕ್ಕೆ ಇದರ ಸ್ಥಾನ ಬೇರೆಯಾಗಿರುತ್ತದೆ. ಹಳೆಯ ಲಾರಿ, ಟ್ರಾಕ್ಟರ್ ಹಾಗೂ ಜನರೇಟರ್‌ಗಳಲ್ಲಿನ ಸಾಲು ಮಾದರಿಯ ಇಂಜೆಕ್ಷನ್ ಪಂಪುಗಳಲ್ಲಿ, ಅದರ ಪಕ್ಕದ ಫೀಡ್ ಪಂಪಿನ ಮೇಲೆ ಇದು ತಿರುಪಿನಿಂದ ಕೂತಿರುತ್ತದೆ. 1951ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ನೆಲೆಯೂರಿದ, 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆದ ಮೈಕೋ ಸಂಸ್ಥೆಯ ಪಂಪುಗಳ ಮೂಲಕ ಈ ವ್ಯವಸ್ಥೆಯು ನಮ್ಮ ಎರಡು ಮೂರು ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ. ಆದರೆ ರೋಟರಿ ಮಾದರಿಯ ಇಂಜೆಕ್ಷನ್ ಪಂಪ್ ಇರುವ ಅನೇಕ ಕಾರುಗಳಲ್ಲಿ ಕೈಪಂಪು ಡೀಸೆಲ್ ಫಿಲ್ಟರಿನ ಮೇಲ್ಭಾಗದ ಅಲ್ಯೂಮಿನಿಯಂ ತಲೆಯ ಮೇಲಿರುತ್ತದೆ.

ನಮ್ಮ ರಾಜ್ಯದ ವರ್ತಕರಿಗೆ ಹತ್ತಿರವಾದ ಉದಾಹರಣೆಯೆಂದರೆ ಟೊಯೊಟಾ ಕ್ವಾಲಿಸ್. 2000ದಿಂದ 2005ರ ಆರಂಭದವರೆಗೆ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಈ ವಾಹನದ ಎಂಜಿನ್ 2,446 ಸಿಸಿ ಸಾಮರ್ಥ್ಯದ್ದು. ಕಾಮನ್ ರೈಲ್ ತಂತ್ರಜ್ಞಾನ ಬರುವುದಕ್ಕೆ ಮುಂಚಿನ, ಗಟ್ಟಿಮುಟ್ಟಾದ ಎಂಜಿನ್ ಅದು. ಬಾಡಿಗೆಗೂ ಸ್ವಂತಕ್ಕೂ ದುಡಿಸಿಕೊಂಡ ಈ ವಾಹನಗಳಲ್ಲಿ ಅತ್ಯಂತ ಕಿರಿಯವಾದುದಕ್ಕೂ ಈಗ ಇಪ್ಪತ್ತು ವರ್ಷ ತುಂಬಿದೆ. ಕಬ್ಬಿಣವು ಇಪ್ಪತ್ತು ವರ್ಷ ಬಾಳುತ್ತದೆ. ರಬ್ಬರಿಗೆ ಅಷ್ಟು ಆಯಸ್ಸಿಲ್ಲ. ಇಲ್ಲಿ ಹೇಳುವ ತೊಂದರೆಯು ಯಾವುದೇ ತಯಾರಕರ ಲೋಪವಲ್ಲ, ವಯಸ್ಸಿನ ಸಹಜ ಪರಿಣಾಮ. ಇದೇ ಜೋಡಣೆಯುಳ್ಳ ಇತರ ಹಳೆಯ ಡೀಸೆಲ್ ವಾಹನಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೊರಗೆ ಕಾಣದ ಸೋರಿಕೆ

ಸೋರಿಕೆ ಎಂದೊಡನೆ ನೆಲದ ಮೇಲೆ ಬಿದ್ದ ಡೀಸೆಲ್ ಕಲೆಯನ್ನು ಹುಡುಕುವುದು ನಮ್ಮ ವಾಡಿಕೆ. ಈ ಪ್ರಕರಣದಲ್ಲಿ ಆ ವಾಡಿಕೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಂತಹ ವಾಹನದಲ್ಲಿ ಟ್ಯಾಂಕು ಕೆಳಗೆ, ಇಂಜೆಕ್ಷನ್ ಪಂಪು ಮೇಲೆ ಇರುತ್ತದೆ. ಟ್ಯಾಂಕಿನಿಂದ ಡೀಸೆಲನ್ನು ಮೇಲಕ್ಕೆ ದೂಡಲು ಬೇರೊಂದು ಪಂಪು ಇರುವುದಿಲ್ಲ. ಇಂಜೆಕ್ಷನ್ ಪಂಪಿನೊಳಗಿನ ರೆಕ್ಕೆಗಳೇ ಅದನ್ನು ಹೀರಿಕೊಳ್ಳುತ್ತವೆ. ಆದಕಾರಣ ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಎಂಜಿನ್ ಓಡುವಾಗ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡವಿರುತ್ತದೆ. ಆ ದಾರಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಡೀಸೆಲ್ ಹೊರಗೆ ಬಾರದೆ ಗಾಳಿಯು ಒಳಗೆ ನುಗ್ಗುತ್ತದೆ. ನೆಲ ಒಣಗಿಯೇ ಇರುತ್ತದೆ, ಎಂಜಿನ್ ಮಾತ್ರ ಉಸಿರುಗಟ್ಟುತ್ತದೆ.

ರಾತ್ರಿ ವಾಹನ ನಿಂತಾಗ ಇನ್ನೊಂದು ಘಟನೆ ನಡೆಯುತ್ತದೆ. ಸೀಸೆಯ ಬಾಯಿ ತೆರೆದಂತೆ ಗಾಳಿಯು ನಿಧಾನವಾಗಿ ಒಳಸೇರಿ, ಕೊಳವೆಯಲ್ಲಿದ್ದ ಡೀಸೆಲ್ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಜಾರುತ್ತದೆ. ಬೆಳಿಗ್ಗೆ ಪಂಪಿನಲ್ಲಿ ಉಳಿದಿದ್ದ ಅಲ್ಪ ಡೀಸೆಲ್‌ನಿಂದ ಎಂಜಿನ್ ಚಾಲೂ ಆಗಿ, ಹಿಂದೆಯೇ ಬರುವ ಗಾಳಿಯಿಂದ ನಿಂತುಹೋಗುತ್ತದೆ. ಮುಂಭಾಗವು ಏರಿನ ಕಡೆಗಿರುವಂತೆ ನಿಲ್ಲಿಸಿದಾಗ ತೊಂದರೆ ಹೆಚ್ಚು, ಇಳಿಜಾರಿನ ಕಡೆಗಿದ್ದಾಗ ಕಡಿಮೆ ಎಂದು ಮಾಲೀಕರು ಹೇಳಿದರೆ, ಅದು ಈ ರೋಗದ ಖಚಿತ ಲಕ್ಷಣಗಳಲ್ಲೊಂದು.

ಇದನ್ನು ನಿರ್ಲಕ್ಷಿಸುವುದೂ ಅಪಾಯಕರ. ರೋಟರಿ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆ. ಡೀಸೆಲ್ ಜೊತೆಗೆ ಗಾಳಿ ಸತತವಾಗಿ ಹೋಗುತ್ತಿದ್ದರೆ ಆ ಭಾಗಗಳು ಸವೆಯುತ್ತವೆ. ಇಂದು ನಿರಪರಾಧಿಯಾಗಿರುವ ಇಂಜೆಕ್ಷನ್ ಪಂಪು ಸಣ್ಣ ರಬ್ಬರನ್ನು ಕಡೆಗಣಿಸಿದ ಕಾರಣಕ್ಕೆ ನಾಳೆ ನಿಜವಾಗಿಯೂ ರಿಪೇರಿಗೆ ಬರಬಹುದು.

ಹಣ ತೆರುವ ಮುನ್ನ ನಾಲ್ಕು ಪರೀಕ್ಷೆಗಳು

ಮೊದಲನೆಯದು, ಬೆಳಗಿನ ಪರೀಕ್ಷೆ. ರಾತ್ರಿಯಿಡೀ ನಿಂತ ವಾಹನವನ್ನು ಚಾಲೂ ಮಾಡುವ ಮುನ್ನವೇ ಕೈಪಂಪನ್ನು ಒತ್ತಿ ನೋಡಬೇಕು. ಒಂದೆರಡು ಒತ್ತಿಗೇ ಗಟ್ಟಿಯಾದರೆ ಕೊಳವೆಯು ಡೀಸೆಲ್‌ನಿಂದ ತುಂಬಿದೆ ಎಂದರ್ಥ. ಹಲವು ಸಲ ಮೆತ್ತಗೆ ಒಳಗಿಳಿದು ಅನಂತರ ಗಟ್ಟಿಯಾದರೆ ರಾತ್ರಿ ಗಾಳಿ ಸೇರಿದೆ. ಹೀಗೆ ಒತ್ತಿದ ಮೇಲೆ ಎಂಜಿನ್ ಒಂದೇ ಸೆಲ್ಫಿಗೆ ಚಾಲೂ ಆದಲ್ಲಿ ಹೀಟರ್ ಪ್ಲಗ್ ಮತ್ತು ಬ್ಯಾಟರಿಗಳ ಮೇಲಿನ ಆರೋಪ ಬಹುಮಟ್ಟಿಗೆ ಬಿದ್ದುಹೋಗುತ್ತದೆ.

ಎರಡನೆಯದು, ಕಾಗದದ ಪರೀಕ್ಷೆ. ಕೈಪಂಪಿನ ಸುತ್ತ ಚೆನ್ನಾಗಿ ಒರೆಸಿ, ಒಣ ಬಿಳಿಯ ಕಾಗದವನ್ನು ಸುತ್ತಿ, ಗಟ್ಟಿಯಾಗುವವರೆಗೆ ಒತ್ತಿ ಹಿಡಿಯಬೇಕು. ಈ ಹೊತ್ತಿನಲ್ಲಿ ಮಾತ್ರ ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಾಗಿರುತ್ತದೆ. ಕಾಗದ ನೆನೆದರೆ ರಬ್ಬರ್ ಪೊರೆ ಹರಿದಿದೆ. ಆದರೆ ಕಾಗದ ಒಣಗಿಯೇ ಇದ್ದಮಾತ್ರಕ್ಕೆ ಪಂಪು ಸರಿಯಾಗಿದೆಯೆಂದು ತೀರ್ಮಾನಿಸಲಾಗದು. ಒತ್ತಡದಲ್ಲಿ ಮುಚ್ಚಿಕೊಳ್ಳುವ ಬಿರುಕು ಎಳೆತದಲ್ಲಿ ತೆರೆದುಕೊಳ್ಳಬಹುದು.

ಮೂರನೆಯದು, ಪಾರದರ್ಶಕ ಕೊಳವೆಯ ಪರೀಕ್ಷೆ. ಇದು ಎಲ್ಲಕ್ಕಿಂತ ನಂಬಲರ್ಹವಾದುದು. ಫಿಲ್ಟರ್ ತಲೆಗೆ ಡೀಸೆಲ್ ಬರುವ ಕಡೆ ಒಂದು, ಹೊರಹೋಗುವ ಕಡೆ ಒಂದು, ಹೀಗೆ ಎರಡು ಪಾರದರ್ಶಕ ಕೊಳವೆಯ ತುಣುಕುಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಎಂಜಿನ್ ಓಡಿಸಬೇಕು. ಬರುವ ಕಡೆ ಗುಳ್ಳೆಗಳಿಲ್ಲದೆ ಹೋಗುವ ಕಡೆ ಗುಳ್ಳೆಗಳು ಸತತವಾಗಿ ಕಂಡರೆ ದೋಷವು ಕೈಪಂಪಿನಲ್ಲಿ, ಫಿಲ್ಟರ್ ತಲೆಯಲ್ಲಿ ಅಥವಾ ಫಿಲ್ಟರಿನ ವಾಷರಿನಲ್ಲಿದೆ. ಎರಡೂ ಕಡೆ ಗುಳ್ಳೆಗಳಿದ್ದರೆ ಟ್ಯಾಂಕಿನ ಕಡೆಯ ಹೋಸ್ ಪೈಪುಗಳನ್ನು ಮೊದಲು ನೋಡಬೇಕು. ಪರೀಕ್ಷೆ ಮುಗಿದ ಕೂಡಲೇ ಈ ತುಣುಕುಗಳನ್ನು ತೆಗೆಯತಕ್ಕದ್ದು. ಎಂಜಿನ್ನಿನ ಶಾಖದಲ್ಲಿ ಅವು ಬಾಳುವುದಿಲ್ಲ.

ನಾಲ್ಕನೆಯದು, ಡಬ್ಬಿಯ ಪರೀಕ್ಷೆ. ಸೋಸಿದ, ಶುದ್ಧ ಡೀಸೆಲ್ ತುಂಬಿದ ಸಣ್ಣ ಡಬ್ಬಿಯನ್ನು ಇಂಜೆಕ್ಷನ್ ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿರಿಸಿ, ಅಲ್ಲಿಂದ ನೇರವಾಗಿ ಪಂಪಿಗೆ ಕೊಳವೆ ಕೊಟ್ಟು ಓಡಿಸಬೇಕು. ಎಂಜಿನ್ ಸರಾಗವಾಗಿ ಓಡಿದರೆ ಇಂಜೆಕ್ಷನ್ ಪಂಪು ನಿರ್ದೋಷಿ. ಪಂಪ್ ಬಿಚ್ಚಬೇಕೆಂಬ ಸಲಹೆ ಬಂದಾಗ “ಮೊದಲು ಡಬ್ಬಿಯಿಂದ ಓಡಿಸಿ ತೋರಿಸಿ” ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಮಾಲೀಕರಿಗೂ ಇದೆ. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆ ಬೇಸರಿಸುವುದಿಲ್ಲ.

ಬದಲಾಯಿಸುವ ಕ್ರಮ

ದೋಷವು ಕೈಪಂಪಿನಲ್ಲಿಯೇ ಇದೆಯೆಂದು ಖಚಿತವಾದ ಮೇಲೆ ಅದನ್ನು ಬದಲಾಯಿಸುವುದು ಒಂದೆರಡು ಗಂಟೆಗಳ ಕೆಲಸ. ಕ್ವಾಲಿಸ್‌ನಂತಹ ವಾಹನಗಳಲ್ಲಿ ಕೈಪಂಪು ಮತ್ತು ಫಿಲ್ಟರ್ ತಲೆ ಒಂದೇ ಜೋಡಣೆಯಾಗಿ ದೊರೆಯುವುದರಿಂದ ಇಡಿಯಾಗಿ ಬದಲಾಯಿಸುವುದು ಸೂಕ್ತ.

ಎಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ, ಫಿಲ್ಟರಿನ ಕೆಳಗೆ ತಟ್ಟೆಯನ್ನಿಟ್ಟು ಕೆಲಸ ಆರಂಭಿಸಬೇಕು. ಬಿಚ್ಚುವ ಮೊದಲೇ ಫಿಲ್ಟರ್ ತಲೆಯ ಸುತ್ತಲಿನ ಧೂಳನ್ನು ಬ್ರಷ್‌ನಿಂದ ತೆಗೆದು ಒರೆಸತಕ್ಕದ್ದು. ಫಿಲ್ಟರಿನ ಆಚೆಗೆ ಬಿದ್ದ ಒಂದು ಮರಳಿನ ಕಣವೂ ನೇರವಾಗಿ ಇಂಜೆಕ್ಷನ್ ಪಂಪನ್ನು ಸೇರುತ್ತದೆ. ಎರಡು ಹೋಸ್ ಪೈಪುಗಳಲ್ಲಿ ಯಾವುದು ಒಳಬರುವುದು, ಯಾವುದು ಹೊರಹೋಗುವುದು ಎಂದು ಬಣ್ಣದ ಟೇಪಿನಿಂದ ಗುರುತು ಮಾಡುವುದು ಅಗತ್ಯ. ಕೈಪಂಪಿನೊಳಗೆ ಏಕಮುಖ ಕವಾಟಗಳಿರುವುದರಿಂದ ಪೈಪು ಅದಲುಬದಲಾದರೆ ಎಷ್ಟು ಒತ್ತಿದರೂ ಡೀಸೆಲ್ ಏರುವುದಿಲ್ಲ.

ಪೈಪುಗಳನ್ನು ಬಿಡಿಸಿ ಅವುಗಳ ಬಾಯಿಗೆ ಶುಚಿಯಾದ ಬಿರಡೆ ಕೊಡಬೇಕು. ಫಿಲ್ಟರಿನ ತಳದಲ್ಲಿ ನೀರಿನ ಸೂಚಕವಿದ್ದರೆ ಅದರ ತಂತಿಯನ್ನು ಬಿಡಿಸಿ, ತಲೆಯನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆದು ಇಡೀ ಜೋಡಣೆಯನ್ನು ಹೊರತೆಗೆಯಬೇಕು. ಹೊಸ ತಲೆಗೆ ಹಳೆಯ ಫಿಲ್ಟರನ್ನು ಹಾಕುವ ಉಳಿತಾಯ ಬೇಡ. ಕಟ್ಟಿಕೊಂಡ ಫಿಲ್ಟರ್ ಹೀರುವ ಎಳೆತವನ್ನು ಹೆಚ್ಚಿಸುತ್ತದೆ. ಎಳೆತ ಹೆಚ್ಚಿದಷ್ಟೂ ಸಣ್ಣ ಬಿರುಕಿನಿಂದ ಗಾಳಿ ನುಗ್ಗುವುದು ಹೆಚ್ಚು. ಹೊಸ ಫಿಲ್ಟರಿನ ವಾಷರಿಗೆ ಶುದ್ಧ ಡೀಸೆಲ್ ಸವರಿ, ತಲೆಗೆ ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿಗೊಳಿಸಿದರೆ ಸಾಕು. ನೀರಿನ ಸೂಚಕವನ್ನು ಹೊಸ ಓ-ರಿಂಗ್‌ನೊಂದಿಗೆ ಹೊಸ ಫಿಲ್ಟರಿಗೆ ವರ್ಗಾಯಿಸಬೇಕು. ಗಾಳಿ ಸೇರುವ ಇನ್ನೊಂದು ಬಾಗಿಲು ಇದೇ.

ತುದಿಯಲ್ಲಿ ಗಡುಸಾದ ಅಥವಾ ಸೀಳಿದ ಹೋಸ್ ಪೈಪುಗಳನ್ನು ಇದೇ ಸಂದರ್ಭದಲ್ಲಿ ಬದಲಾಯಿಸುವುದು ಜಾಣತನ. ಕ್ಲಿಪ್ಪನ್ನು ಅತಿಯಾಗಿ ಬಿಗಿದರೆ ರಬ್ಬರ್ ಕತ್ತರಿಸುತ್ತದೆಂಬುದು ನೆನಪಿರಲಿ. ಫೀಡ್ ಪಂಪಿನ ಮೇಲೆ ಕೈಪಂಪು ಇರುವ ಹಳೆಯ ಲಾರಿ ಮತ್ತು ಜನರೇಟರ್‌ಗಳಲ್ಲಿ ಪಂಪನ್ನು ತಿರುಪಿನಿಂದ ಬಿಚ್ಚಿ ಹೊಸದನ್ನು ಕೂರಿಸುವಾಗ ಹೊಸ ವಾಷರನ್ನೇ ಹಾಕಬೇಕು. ಹಿಡಿಯನ್ನು ತಿರುಗಿಸಿ ಮುಚ್ಚುವ ಮಾದರಿಯಾಗಿದ್ದರೆ ಬಳಸಿದ ಬಳಿಕ ಪೂರ್ತಿ ಬಿಗಿಯುವುದನ್ನು ಮರೆಯಬಾರದು. ಎಷ್ಟೋ ‘ಸೋರಿಕೆ’ಗಳಿಗೆ ಈ ಮರೆವೇ ಕಾರಣ.

ಗಾಳಿ ತೆಗೆಯುವುದು

ಜೋಡಣೆ ಮುಗಿದ ಮೇಲೆ ಕೈಪಂಪನ್ನು ಗಟ್ಟಿಯಾಗುವವರೆಗೆ ತಾಳ್ಮೆಯಿಂದ ಒತ್ತಬೇಕು. ಹೊಸ ಫಿಲ್ಟರ್ ಖಾಲಿಯಿರುವುದರಿಂದ ಹಲವು ಹತ್ತು ಸಲ ಒತ್ತಬೇಕಾಗುವುದು ಸಹಜ. ಬೇಗ ಮುಗಿಯಲೆಂದು ಡಬ್ಬಿಯ ಡೀಸೆಲನ್ನು ಫಿಲ್ಟರಿನ ಮಧ್ಯದ ರಂಧ್ರಕ್ಕೆ ಸುರಿಯುವ ರೂಢಿ ತಪ್ಪು. ಸೋಸದ ಡೀಸೆಲ್ ಶುದ್ಧ ಭಾಗಕ್ಕೆ ಸೇರುತ್ತದೆ. ಅನಂತರ ಸೆಲ್ಫ್ ಹೊಡೆಯುವಾಗ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡುಗಳಿಗಿಂತ ಹೆಚ್ಚು ಬೇಡ. ನಡುವೆ ಸ್ಟಾರ್ಟರ್ ಮೋಟಾರಿಗೆ ವಿರಾಮವಿರಲಿ. ಚಾಲೂ ಆದ ಬಳಿಕ ಕೆಲವು ನಿಮಿಷ ತುಸು ಏರಿದ ವೇಗದಲ್ಲಿ ಓಡಿಸಿದರೆ ಉಳಿದ ಗಾಳಿಯು ಹಿಂತಿರುಗುವ ಕೊಳವೆಯ ಮೂಲಕ ಟ್ಯಾಂಕು ಸೇರುತ್ತದೆ.

ಹಾಗೂ ಚಾಲೂ ಆಗದಿದ್ದರೆ ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ನಾಝಲ್ ಕಡೆಯ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು ಡೀಸೆಲ್ ಕಾಣಿಸಿದಾಗ ಬಿಗಿಯುವುದು ರೂಢಿ. ಇದನ್ನು ಅನುಭವಿಗಳೇ ಮಾಡಬೇಕು. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡವು ಸಾವಿರ ಬಾರ್‌ಗಿಂತ ಮೇಲೇರುವುದರಿಂದ ಈ ರೂಢಿಯನ್ನು ಯಾವ ಕಾರಣಕ್ಕೂ ಅನುಸರಿಸಕೂಡದು.

ಕೆಲಸ ಸರಿಯಾಗಿದೆಯೆಂಬುದರ ಪ್ರಮಾಣ ಗ್ಯಾರೇಜಿನಲ್ಲಿ ಅಂದು ಸಂಜೆ ದೊರೆಯುವುದಿಲ್ಲ, ಮರುದಿನ ಬೆಳಿಗ್ಗೆ ದೊರೆಯುತ್ತದೆ. ರಾತ್ರಿ ನಿಂತ ವಾಹನದ ಕೈಪಂಪು ಒಂದೆರಡು ಒತ್ತಿಗೆ ಗಟ್ಟಿಯಾದರೆ ಕೆಲಸ ಗೆದ್ದಂತೆ.

ರಬ್ಬರಿನ ವಿಚಾರ ಮತ್ತು ಸಣ್ಣ ತಯಾರಕರು

ಹಳೆಯ ರಬ್ಬರ್ ಭಾಗಗಳು ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಕೆಡುತ್ತಿವೆ ಎಂಬ ಮೆಕ್ಯಾನಿಕ್‌ಗಳ ಮಾತಿನ ಹಿಂದೆ ತಾಂತ್ರಿಕ ಕಾರಣವೂ ಇರಬಹುದು. ಭಾರತ್ ಸ್ಟೇಜ್-2 ದರ್ಜೆಯ ಡೀಸೆಲ್‌ನಲ್ಲಿ ಗಂಧಕದ ಮಿತಿ 500 ಪಿಪಿಎಂ ಇತ್ತು. 2017ರ ಏಪ್ರಿಲ್‌ನಿಂದ ದೇಶಾದ್ಯಂತ ಬಂದ ಸ್ಟೇಜ್-4ರಲ್ಲಿ ಅದು 50ಕ್ಕೂ, 2020ರ ಏಪ್ರಿಲ್‌ನಿಂದ ಬಂದ ಸ್ಟೇಜ್-6ರಲ್ಲಿ 10ಕ್ಕೂ ಇಳಿಯಿತು. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಆರೊಮ್ಯಾಟಿಕ್ ಅಂಶಗಳೂ ಕಡಿಮೆಯಾಗುತ್ತವೆ. ಈ ಅಂಶಗಳನ್ನು ಹೀರಿ ಉಬ್ಬಿಕೊಂಡಿದ್ದ ಹಳೆಯ ನೈಟ್ರೈಲ್ ರಬ್ಬರ್ ಅವು ಇಲ್ಲವಾದಾಗ ಕುಗ್ಗುತ್ತದೆ. ಮೊದಲೇ ಗಡುಸಾಗಿದ್ದರೆ ಬಿರುಕು ಬಿಡುತ್ತದೆ. ಜೈವಿಕ ಡೀಸೆಲ್ ಬೆರಕೆಯೂ ರಬ್ಬರಿನ ಮೇಲೆ ಬೇರೆ ರೀತಿಯ ಪರಿಣಾಮ ಬೀರುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ವೇಳೆಗೆ ಡೀಸೆಲ್‌ನಲ್ಲಿ ಶೇಕಡಾ 5ರ ಬೆರಕೆಯ ಗುರಿಯನ್ನು ಇರಿಸಿಕೊಂಡಿದೆ. ಫ್ಲೋರೋಕಾರ್ಬನ್ ರಬ್ಬರ್ ದುಬಾರಿಯಾದರೂ ಇಂತಹ ಇಂಧನಗಳನ್ನು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತದೆ.

ಬಿಡಿಭಾಗ, ವಾಷರ್, ಓ-ರಿಂಗ್‌ಗಳನ್ನು ತಯಾರಿಸುವ ನಮ್ಮ ಸಣ್ಣ ಕೈಗಾರಿಕೆಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೈಪಂಪಿನಂತಹ ಭಾಗವನ್ನು ಒತ್ತಡದ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವುದು ಸಾಮಾನ್ಯ ಪದ್ಧತಿ. ಆದರೆ ಈ ಭಾಗವು ದುಡಿಯುವುದು ಒತ್ತಡದಲ್ಲಲ್ಲ, ಎಳೆತದಲ್ಲಿ. ಒತ್ತಡದ ಪರೀಕ್ಷೆಯಲ್ಲಿ ಉತ್ತೀರ್ಣವಾದ ಸೀಲು ನಿರ್ವಾತದಲ್ಲಿ ಸೋಲಬಹುದು. ಸಣ್ಣ ನಿರ್ವಾತ ಪಂಪು ಮತ್ತು ಗೇಜಿನಿಂದ ಪ್ರತಿಯೊಂದನ್ನೂ ಪರೀಕ್ಷಿಸಿ, ಬಳಸಿದ ರಬ್ಬರಿನ ಜಾತಿಯನ್ನು ಪೆಟ್ಟಿಗೆಯ ಮೇಲೆ ನಮೂದಿಸುವ ತಯಾರಕರ ಮಾಲಿಗೆ ವಿಶ್ವಾಸ ತಾನಾಗಿ ಬೆಳೆಯುತ್ತದೆ. ಹಳೆಯ ವಾಹನಗಳು ರಸ್ತೆಯಲ್ಲಿರುವಷ್ಟು ಕಾಲ ಇಂತಹ ಮಾಲಿಗೆ ಬೇಡಿಕೆಯೂ ಇರುತ್ತದೆ.

ಬಿಡಿಭಾಗದ ಅಂಗಡಿಯವರೂ ಕಡಿಮೆ ಬೆಲೆಯ ಅನಾಮಿಕ ಮಾಲನ್ನು ತಳ್ಳುವ ಬದಲು, ಎರಡು ದರ್ಜೆಗಳನ್ನು ಮುಂದಿಟ್ಟು ವ್ಯತ್ಯಾಸವನ್ನು ತಿಳಿಸಿ ಹೇಳುವುದು ಒಳಿತು. ಹರಿದ ಪಂಪಿನ ಮೇಲೆ ಎಂ-ಸೀಲ್ ಮೆತ್ತುವುದು, ಸಿಲಿಕಾನ್ ಪೇಸ್ಟ್ ಬಳಿಯುವುದು ದಾರಿಯ ಉಪಾಯಗಳೇ ಹೊರತು ರಿಪೇರಿಯಲ್ಲ. ಡೀಸೆಲ್ ತೇವವಿರುವ ಮೇಲ್ಮೈಗೆ ಅವು ಹಿಡಿಯುವುದಿಲ್ಲ. ಕಿತ್ತ ಚೂರುಗಳು ಒಳಗೆ ಹೋದರೆ ಹಾನಿ ಇಮ್ಮಡಿಯಾಗುತ್ತದೆ.

ಲೆಕ್ಕದ ಪುಸ್ತಕದಲ್ಲಿ

ಸೋರುವ ಪಂಪಿನ ನಿಜವಾದ ಬೆಲೆ ಬಿಡಿಭಾಗದ ಬಿಲ್ಲಿನಲ್ಲಿ ಕಾಣುವುದಿಲ್ಲ. ಸ್ವಂತ ವಾಹನ ನಿಂತ ದಿನ ಬದಲಿ ವಾಹನಕ್ಕೆ 3,000 ರೂಪಾಯಿ ಬಾಡಿಗೆ ಎಂದು ಭಾವಿಸಿದರೆ, ತಪ್ಪು ರೋಗನಿರ್ಣಯದಿಂದ ನಾಲ್ಕು ದಿನ ಗ್ಯಾರೇಜಿನಲ್ಲಿ ಕಳೆದಾಗ 12,000 ರೂಪಾಯಿ ಹೋಗುತ್ತದೆ. ಅನಗತ್ಯವಾಗಿ ಬಿಚ್ಚಿದ ಇಂಜೆಕ್ಷನ್ ಪಂಪಿನ ಖರ್ಚು, ತಪ್ಪಿದ ವ್ಯಾಪಾರ ಇದಕ್ಕೆ ಪ್ರತ್ಯೇಕ. ಪ್ರತಿಯೊಬ್ಬರೂ ತಮ್ಮದೇ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡತಕ್ಕದ್ದು.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವನ್ನು ಏಕರೂಪವಾಗಿ ಶೇಕಡಾ 18ಕ್ಕೆ ತರಲಾಗಿದೆ. ಆದಕಾರಣ ಬಿಲ್ಲಿಲ್ಲದ ಮಾಲು ಕೊಳ್ಳುವ ಆಕರ್ಷಣೆ ಮೊದಲಿನಷ್ಟು ಇರಬೇಕಾಗಿಲ್ಲ. ಬಿಲ್ಲಿಲ್ಲದ ಮಾಲು ಕೈಕೊಟ್ಟರೆ ಕೇಳುವವರೂ ಇಲ್ಲ. ಆದರೆ ಚಾಲಕರೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಾಮಾನ್ಯವಾಗಿ ದೊರೆಯುವುದಿಲ್ಲ. ಪ್ರಯಾಣಿಕರ ಸಾಗಣೆಯನ್ನೇ ವ್ಯವಹಾರವಾಗಿ ನಡೆಸುವವರಿಗೆ ವಿನಾಯಿತಿ ಇದೆ. ಸರಕು ಸಾಗಿಸುವ ವಾಹನಗಳಿಗೆ ಈ ನಿರ್ಬಂಧವಿಲ್ಲ. ಈ ಕುರಿತು ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಕ್ಷೇಮ.

ಹಳೆಯ ವಾಹನವನ್ನು ಇಟ್ಟುಕೊಳ್ಳಬೇಕೇ, ವಿಲೇವಾರಿ ಮಾಡಬೇಕೇ ಎಂಬುದೂ ಇದರೊಂದಿಗೆ ಬರುವ ಪ್ರಶ್ನೆ. ಹದಿನೈದು ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಯಾಯಿತು. ಖರ್ಚುಗಳೆಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರವಾಗುವ ಹಂತ ಬಂದರೆ ಮಮಕಾರ ಬಿಡುವುದೇ ಲೇಸು. ಆದರೆ ಆ ತೀರ್ಮಾನವು ಸರಿಯಾದ ರೋಗನಿರ್ಣಯದ ಮೇಲೆ ನಿಂತಿರಬೇಕು. ಹರಿದ ರಬ್ಬರಿನ ಕಾರಣಕ್ಕೆ “ಎಂಜಿನ್ ಹೋಯಿತು” ಎಂದು ನಂಬಿ ಗಟ್ಟಿಯಾದ ವಾಹನವನ್ನು ಗುಜರಿಯ ಬೆಲೆಗೆ ಕೊಡುವುದು ವ್ಯಾಪಾರಿಗೆ ಶೋಭಿಸುವ ವಹಿವಾಟಲ್ಲ.

ನಮ್ಮ ವ್ಯವಹಾರಗಳಲ್ಲಿಯೂ ಎಷ್ಟೋ ಬಾರಿ ನೆಲದ ಮೇಲೆ ಬಿದ್ದ ನಷ್ಟ ಕಣ್ಣಿಗೆ ಬೀಳುತ್ತದೆ, ಒಳಗೆ ನುಗ್ಗುವ ಗಾಳಿ ಕಾಣುವುದಿಲ್ಲ. ಹಳೆಯ ಡೀಸೆಲ್ ವಾಹನವುಳ್ಳ ಸದಸ್ಯರು ನಾಳೆ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಬಾನೆಟ್ ತೆರೆದು ಕೈಪಂಪನ್ನು ಒಮ್ಮೆ ಒತ್ತಿ ನೋಡಲಿ. ಖರ್ಚಿಲ್ಲದ ಆ ಅರ್ಧ ನಿಮಿಷವು ದೊಡ್ಡದೊಂದು ಬಿಲ್ಲನ್ನು ತಪ್ಪಿಸಬಹುದು.